ಸಾಲ ಬಿಟ್ಟವರು ಜಾಮೀನೂ ಹಾಕಬೇಕೇ?

ಮಾನ್ಯ ಸಂಪಾದಕರೇ,

ಅಣ್ಣತಮ್ಮಂದಿರ ಪಾಲಿನ ತಕರಾರು, ಅತ್ತೆ ಸೊಸೆಯರ ಮನಸ್ತಾಪ, ಪಕ್ಕದ ಮನೆಯವರ ಕಿರಿಕಿರಿ ಕುರಿತು ನಿಮ್ಮ ಓದುಗರ ಅಂಕಣದಲ್ಲಿ ಆಗಾಗ ಪತ್ರಗಳು ಬರುತ್ತಿರುತ್ತವೆ. ಅವುಗಳಲ್ಲಿ ಸಿಗುವ ಸಲಹೆ ಎರಡೇ ಬಗೆಯದು: ಒಂದೋ ‘ಹೊಂದಿಕೊಂಡು ಹೋಗಿ’, ಇಲ್ಲವೇ ‘ಅಂಥವರ ಸಹವಾಸವನ್ನೇ ಬಿಡಿ’. ಕ್ರೈಸ್ತರ ಮನೆಗಳಲ್ಲಿ ಮೊದಲನೆಯ ಸಲಹೆಯ ಜೊತೆಗೆ ‘ಯೇಸುಸ್ವಾಮಿಯೇ ಕ್ಷಮಿಸಿ ಅಂದಿದ್ದಾರಲ್ಲ’ ಎಂಬ ಮಾತೂ ಸೇರಿಕೊಳ್ಳುತ್ತದೆ, ಅಲ್ಲಿಗೆ ನೊಂದವರ ಬಾಯಿ ಮುಚ್ಚಿಹೋಗುತ್ತದೆ. ಮೈಸೂರಿನ ಕ್ರೈಸ್ತ ಸಭೆಗಳಲ್ಲಿ (ಚರ್ಚುಗಳಲ್ಲಿ) ಕುಟುಂಬ ಸಮಾಲೋಚನೆಯ ಸೇವೆ ಮಾಡುತ್ತಿರುವ ನಾವು ಈ ಪತ್ರ ಬರೆಯುತ್ತಿರುವುದು ಆ ಕಾರಣಕ್ಕೆ. ಕಷ್ಟ ಕೊಡುವವರಿಗೆ ಕೃಪೆ ತೋರಿಸಬೇಕೆಂದು ಬೈಬಲ್ ಹೇಳುವುದು ನಿಜ. ಹೇಗೆ, ಯಾವ ಕ್ರಮದಲ್ಲಿ, ಎಲ್ಲಿಯವರೆಗೆ ಎಂಬುದನ್ನೂ ಅದೇ ಬೈಬಲ್ ಹೇಳುತ್ತದೆ. ಆ ಎರಡನೆಯ ಭಾಗವನ್ನು ನಮ್ಮ ಪ್ರಸಂಗಗಳು (ಚರ್ಚಿನ ಬೋಧನೆಗಳು) ಬಹಳ ಸಲ ಬಿಟ್ಟುಬಿಡುತ್ತವೆ.

ಮತ್ತಾಯನ ಸುವಾರ್ತೆಯ 18ನೇ ಅಧ್ಯಾಯದಲ್ಲಿ ಯೇಸುವಿನ ಶಿಷ್ಯ ಪೇತ್ರನು, ತಪ್ಪು ಮಾಡಿದ ಸಹೋದರನನ್ನು ಏಳು ಸಲ ಕ್ಷಮಿಸಿದರೆ ಸಾಕೇ ಎಂದು ಕೇಳುತ್ತಾನೆ. ಏಳಲ್ಲ, ಏಳೆಪ್ಪತ್ತು ಸಲ ಎಂದ ಯೇಸುಸ್ವಾಮಿ ಒಂದು ಸಾಮ್ಯವನ್ನು ಹೇಳುತ್ತಾರೆ. ಅರಸನಿಗೆ 10,000 ತಲಾಂತು ಕೊಡಬೇಕಿದ್ದ ಒಬ್ಬ ಸೇವಕನಿದ್ದ. ಅರಸ ಕನಿಕರಪಟ್ಟು ಅಷ್ಟನ್ನೂ ಬಿಟ್ಟ. ಆ ಸೇವಕ ಹೊರಗೆ ಬಂದವನೇ, ತನಗೆ 100 ದಿನಾರಿ ಕೊಡಬೇಕಿದ್ದ ಜೊತೆಗಾರನ ಕುತ್ತಿಗೆ ಹಿಸುಕಿ ಸೆರೆಗೆ ಹಾಕಿಸಿದ. ಒಂದು ದಿನಾರಿ ಎಂದರೆ ಆ ಕಾಲದ ಕೂಲಿಯಾಳಿನ ಒಂದು ದಿನದ ಕೂಲಿ, ಒಂದು ತಲಾಂತು ಎಂದರೆ ಸುಮಾರು 6,000 ದಿನಾರಿ. ಇವತ್ತಿನ ಕೂಲಿ ದಿನಕ್ಕೆ 500 ರೂಪಾಯಿ ಎಂದು ಇಟ್ಟುಕೊಂಡರೆ ಮೊದಲ ಸಾಲ 3,000 ಕೋಟಿ ರೂಪಾಯಿ, ಎರಡನೆಯದು 50,000 ರೂಪಾಯಿ.

ಈ ಎರಡನೆಯ ಸಾಲವನ್ನು ‘ಪುಡಿಗಾಸು’ ಎಂದು ಬೋಧಿಸುವವರಿದ್ದಾರೆ. ಕೂಲಿ ಮಾಡಿ ಬದುಕುವವನಿಗೆ 50,000 ರೂಪಾಯಿ ಪುಡಿಗಾಸಲ್ಲ, ಮೂರು ತಿಂಗಳಿಗೂ ಮೀರಿದ ಬೆವರು. ಯೇಸುಸ್ವಾಮಿ ಬೇಕೆಂದೇ ದೊಡ್ಡ ಮೊತ್ತವನ್ನೇ ಆರಿಸಿದಂತಿದೆ. ನಿನಗಾದ ನೋವು ಏನೂ ಅಲ್ಲ ಎಂದು ಸಾಮ್ಯ ಹೇಳುತ್ತಿಲ್ಲ, ನಷ್ಟ ನಿಜವಾದದ್ದೇ. ಆದರೆ ವಸೂಲಿಗೆ ನಿಂತವನು ತಾನೇ 3,000 ಕೋಟಿ ಬಿಡಿಸಿಕೊಂಡು ಬಂದವನು, ಅದನ್ನು ಅರಮನೆಯ ಬಾಗಿಲಲ್ಲೇ ಮರೆತ. ಕ್ರೈಸ್ತ ನಂಬಿಕೆ ಸಾಮಾನ್ಯ ಸಭ್ಯತೆಗಿಂತ ಮುಂದೆ ಹೋಗುವುದು ಇಲ್ಲಿಂದ. ಎದುರಿನವನು ಯೋಗ್ಯನೇ ಅಲ್ಲವೇ ಎಂಬ ಪ್ರಶ್ನೆಯಿಂದ ಅದು ಶುರುವಾಗುವುದಿಲ್ಲ. ನಾವು ದೇವರಿಗೆ ವೈರಿಗಳಾಗಿದ್ದಾಗಲೇ ಕ್ರಿಸ್ತನು ನಮಗಾಗಿ ಸತ್ತನೆಂದು ಅಪೊಸ್ತಲ ಪೌಲನು ರೋಮಾಪುರದವರಿಗೆ ಬರೆದ ಪತ್ರದ 5ನೇ ಅಧ್ಯಾಯ ಹೇಳುತ್ತದೆ. ಮೊದಲು ಪಡೆದವರು ಆಮೇಲೆ ಕೊಡುತ್ತಾರೆ. ಈ ಕ್ರಮ ತಿರುವುಮುರುವಾದರೆ, ಅಂದರೆ ದೇವರ ಕೃಪೆಯನ್ನು ಗಳಿಸಲೆಂದೇ ಇನ್ನೊಬ್ಬರನ್ನು ಸಹಿಸಿಕೊಳ್ಳಲು ಹೊರಟರೆ, ಕೆಲವೇ ವಾರಗಳಲ್ಲಿ ಮನಸ್ಸು ಬತ್ತಿಹೋಗಿ ಮೊದಲಿಗಿಂತ ಹೆಚ್ಚು ಕಹಿಯಾಗುತ್ತದೆ.

ಅದೇ ಪತ್ರದ 12ನೇ ಅಧ್ಯಾಯದಲ್ಲಿ ಇನ್ನೊಂದು ಮಾತಿದೆ. ಎಲ್ಲರೊಂದಿಗೂ ಸಮಾಧಾನದಿಂದಿರಿ ಎನ್ನುವ ಮೊದಲು ಪೌಲನು ಎರಡು ಷರತ್ತು ಹಾಕುತ್ತಾನೆ: ಸಾಧ್ಯವಾದರೆ, ಮತ್ತು ನಿಮ್ಮಿಂದಾಗುವ ಮಟ್ಟಿಗೆ. ಸಮಾಧಾನ ಕೆಲವು ಸಲ ಸಾಧ್ಯವಾಗುವುದಿಲ್ಲ, ಅದು ಪೂರ್ತಿ ನಮ್ಮೊಬ್ಬರ ಕೈಯಲ್ಲೂ ಇಲ್ಲ ಎಂದು ಒಪ್ಪಿದ ಮೇಲೆಯೇ ಅವನು ಮುಂದಕ್ಕೆ ಹೋಗುವುದು. ಮುಂದಿನ ವಚನದಲ್ಲಿ ಸೇಡಿನ ಕೆಲಸವನ್ನು ದೇವರಿಗೆ ಬಿಡಿ ಎನ್ನುತ್ತಾನೆ, ಅದರ ಮುಂದಿನದರಲ್ಲಿ ಹಸಿದ ವೈರಿಗೆ ಊಟ ಹಾಕಿ ಎನ್ನುತ್ತಾನೆ. ಊಟ ಹಾಕುವ ಮಾತು ಸೇಡು ಬಿಡುವ ಮಾತಿನ ಹಿಂದೆಯೇ ಬರುವುದಕ್ಕೆ ಅರ್ಥವಿದೆ. ತೀರ್ಪು ಕೊಡುವ ಜವಾಬ್ದಾರಿ ತಲೆಯ ಮೇಲಿರುವಷ್ಟು ದಿನ ಕೈ ಅನ್ನ ಬಡಿಸಲು ಬಗ್ಗುವುದಿಲ್ಲ.

ಇನ್ನು ಮಾಡಬೇಕಾದ ಕೆಲಸದ ವಿಷಯ. ಮಾತನಾಡುವುದಕ್ಕೆ ಮುಂಚಿನ ತಯಾರಿಯಲ್ಲೇ ಅರ್ಧ ಕೆಲಸ ಮುಗಿಯುತ್ತದೆ. ನಮ್ಮ ಬಳಿ ಬರುವವರಿಗೆ ಎರಡು ವಾರ, ದಿನಕ್ಕೆ ಐದು ನಿಮಿಷ, ಆ ವ್ಯಕ್ತಿಯ ಹೆಸರು ಹಿಡಿದು ಪ್ರಾರ್ಥಿಸಲು ಹೇಳುತ್ತೇವೆ. ‘ಅವರಿಗೆ ಬುದ್ಧಿ ಕೊಡು’ ಎನ್ನುವುದು ಪ್ರಾರ್ಥನೆಯಲ್ಲ, ದೂರು. ಅವರ ಮಂಡಿ ನೋವು, ಸಕ್ಕರೆ ಕಾಯಿಲೆ, ಮಗನ ಕೆಲಸ, ಮಗಳ ಮದುವೆ, ಬ್ಯಾಂಕಿನ ಕಂತು ಹೀಗೆ ಅವರ ನಿಜವಾದ ಅಗತ್ಯ ಯಾವುದೋ ಅದನ್ನು ದೇವರ ಮುಂದಿಡಬೇಕು. ಎರಡು ವಾರ ಹೀಗೆ ಮಾಡಿದವರಿಗೆ ಎದುರಿನವರ ಬಗ್ಗೆ ಗೊತ್ತಿಲ್ಲದ ಎಷ್ಟೋ ಸಂಗತಿಗಳು ಕಣ್ಣಿಗೆ ಬೀಳತೊಡಗುತ್ತವೆ, ಏಕೆಂದರೆ ಪ್ರಾರ್ಥಿಸಲು ವಿಷಯ ಬೇಕು, ವಿಷಯಕ್ಕಾಗಿ ಗಮನಿಸಬೇಕು. ಮೊದಲ ದಿನಗಳಲ್ಲಿ ಒಳ್ಳೆಯ ಮಾತು ಬಾಯಿಗೇ ಬಾರದಿದ್ದರೆ 55ನೇ ಕೀರ್ತನೆಯನ್ನು ಗಟ್ಟಿಯಾಗಿ ಓದಿ. ಜೊತೆಯಲ್ಲಿ ದೇವಾಲಯಕ್ಕೆ ನಡೆದ ಗೆಳೆಯನೇ ದ್ರೋಹ ಮಾಡಿದಾಗ ಹುಟ್ಟಿದ ಅಳಲು ಅದು. ಅಷ್ಟು ಕಟುವಾದ ಮಾತಿಗೂ ಬೈಬಲ್‌ನಲ್ಲಿ ಜಾಗವಿದೆ. ದೇವರ ಮುಂದೆ ಸುರಿದ ಕಹಿ ಮನೆಯವರ ಮುಂದೆ ಸುರಿಯುವುದು ಕಡಿಮೆಯಾಗುತ್ತದೆ.

ಇದರ ಜೊತೆಗೆ ಒಂದು ಹಾಳೆ ತೆಗೆದುಕೊಂಡು ನಾಲ್ಕು ಭಾಗ ಮಾಡಿ. ಮೊದಲ ಭಾಗದಲ್ಲಿ ನಡೆದದ್ದನ್ನು ಮಾತ್ರ ಬರೆಯಿರಿ, ಕ್ಯಾಮೆರಾ ಇಟ್ಟಿದ್ದರೆ ಅದಕ್ಕೆ ಕಾಣುತ್ತಿದ್ದಷ್ಟು, ಕೇಳುತ್ತಿದ್ದಷ್ಟು. ಎರಡನೆಯದರಲ್ಲಿ ಅದಕ್ಕೆ ನೀವು ಕೊಟ್ಟುಕೊಂಡ ಅರ್ಥ. ‘ಬೇಕಂತಲೇ ಅವಮಾನ ಮಾಡಿದರು’ ಎಂಬುದು ಎರಡನೆಯ ಭಾಗಕ್ಕೆ ಸೇರಿದ್ದು, ಮೊದಲನೆಯದಕ್ಕಲ್ಲ. ಇವೆರಡನ್ನು ಬೇರೆ ಮಾಡಲು ಬಹಳ ಮಂದಿಗೆ ಒಂದು ಗಂಟೆಯೇ ಹಿಡಿಯುತ್ತದೆ. ಮೂರನೆಯದು ನಿಮ್ಮ ಪಾಲಿನ ತಪ್ಪು. ಸಹೋದರನ ಕಣ್ಣಿನ ರವೆಗಿಂತ ಮೊದಲು ನಿನ್ನ ಕಣ್ಣಿನ ತೊಲೆ ಎಂದು ಮತ್ತಾಯ 7ರಲ್ಲಿ ಹೇಳಿದ್ದು ಈ ಭಾಗಕ್ಕೆ. ಇದು ಖಾಲಿ ಉಳಿದರೆ ನಿಮ್ಮನ್ನು ಚೆನ್ನಾಗಿ ಬಲ್ಲ ಒಬ್ಬರನ್ನು, ‘ನನ್ನ ಜೊತೆ ಏಗೋದರಲ್ಲಿ ನಿಮಗೆ ಯಾವುದು ಕಷ್ಟ?’ ಎಂದು ಕೇಳಿ, ಉತ್ತರ ಬಂದಾಗ ಸಮಜಾಯಿಷಿ ಕೊಡದೆ ಸುಮ್ಮನೆ ಬರೆದುಕೊಳ್ಳಿ. ನಾಲ್ಕನೆಯದು ನಿಮ್ಮ ಕೋರಿಕೆ. ‘ಅವರು ಬದಲಾಗಬೇಕು’ ಎಂಬುದು ಕೋರಿಕೆಯಲ್ಲ. ‘ನೆಂಟರ ಮುಂದೆ ನನ್ನ ತವರಿನ ಮಾತೆತ್ತಬಾರದು’ ಎಂಬುದು ಕೋರಿಕೆ, ಈಡೇರಿತೋ ಇಲ್ಲವೋ ಎಂದು ನೋಡಬಹುದಾದದ್ದು. ಕೆಲಸ ಮುಗಿದ ಮೇಲೆ ಹಾಳೆಯನ್ನು ಹರಿದುಹಾಕಿ. ಪ್ರೀತಿ ಅಪಕಾರದ ಲೆಕ್ಕ ಇಡುವುದಿಲ್ಲ ಎಂದು ಕೊರಿಂಥದವರಿಗೆ ಬರೆದ ಮೊದಲ ಪತ್ರ ಹೇಳುತ್ತದೆ. ಹೊಡೆತ ಬಡಿತವಿರುವ ಮನೆಗೆ ಇದು ಅನ್ವಯಿಸುವುದಿಲ್ಲ. ಅಲ್ಲಿ ತಾರೀಖಿನ ಸಮೇತ ಬರೆದಿಡಬೇಕು, ಆಸ್ಪತ್ರೆಯ ಚೀಟಿಗಳನ್ನು ಜೋಪಾನ ಮಾಡಬೇಕು. ಆ ವಿಷಯಕ್ಕೆ ಮುಂದೆ ಬರುತ್ತೇವೆ.

ಸೂರ್ಯ ಮುಳುಗುವ ಮೊದಲು ಕೋಪ ತೀರಲಿ ಎಂಬ ಎಫೆಸದವರಿಗೆ ಬರೆದ ಪತ್ರದ ಮಾತಿನಿಂದ ಅನೇಕ ದಂಪತಿಗಳಿಗೆ ತೊಂದರೆಯಾಗಿದೆ. ವಚನ ಪಾಲಿಸಬೇಕೆಂದು ರಾತ್ರಿ ಹನ್ನೊಂದಕ್ಕೆ ಮಾತು ಶುರುಮಾಡುತ್ತಾರೆ, ಇಬ್ಬರಿಗೂ ದಣಿವು, ನಿದ್ದೆ, ಒಂದು ಗಂಟೆಯ ಹೊತ್ತಿಗೆ ಹಳೆಯ ಹತ್ತು ಜಗಳಗಳು ಎದ್ದು ನಿಂತಿರುತ್ತವೆ. ‘ಕೋಪಗೊಂಡರೂ ಪಾಪ ಮಾಡಬೇಡಿರಿ’ ಎಂಬ ಆ ವಚನದ ಮೊದಲರ್ಧ ಬಂದಿರುವುದು 4ನೇ ಕೀರ್ತನೆಯಿಂದ. ಹಾಸಿಗೆಯ ಮೇಲೆ ಮನಸ್ಸಿನಲ್ಲೇ ಮಾತಾಡಿಕೊಂಡು ಸುಮ್ಮನಿರಿ ಎಂದು ಆ ಕೀರ್ತನೆ ಮುಂದುವರಿಯುತ್ತದೆ. ಕೋಪವನ್ನು ಸಾಕಿಕೊಳ್ಳಬೇಡಿ ಎಂಬುದು ಅದರ ತಾತ್ಪರ್ಯ, ವಾದವನ್ನು ಅಂದೇ ಮುಗಿಸಿ ಎಂಬುದಲ್ಲ. ಸಿಟ್ಟು ನೆತ್ತಿಗೇರಿದಾಗ ಏರಿದ ಎದೆಬಡಿತ ಇಳಿಯಲು ಇಪ್ಪತ್ತು ನಿಮಿಷವಾದರೂ ಬೇಕು, ಅಲ್ಲಿಯವರೆಗೆ ಕಿವಿಗೆ ಬಿದ್ದದ್ದು ಮನಸ್ಸಿಗೆ ಇಳಿಯುವುದಿಲ್ಲ. ‘ಈಗ ಬೇಡ, ನಾಳೆ ಸಾಯಂಕಾಲ ಆರಕ್ಕೆ ಕೂತು ಮಾತಾಡೋಣ’ ಎಂದು ಹೊತ್ತು ಗೊತ್ತುಮಾಡಿ ಮಲಗಿ. ಹೊತ್ತು ಹೇಳದೆ ಎದ್ದುಹೋದರೆ ಅದು ಮುನಿಸು, ಎದುರಿನವರಿಗೆ ಶಿಕ್ಷೆಯಾಗುತ್ತದೆ.

ಮಾತಿನ ಕ್ರಮವನ್ನು ಮತ್ತಾಯ 18 ಸ್ಪಷ್ಟವಾಗಿ ಇಟ್ಟಿದೆ. ಮೊದಲು ಇಬ್ಬರೇ. ಆಗದಿದ್ದರೆ ಒಬ್ಬಿಬ್ಬರು ಸಾಕ್ಷಿಗಳು. ಅದೂ ಆಗದಿದ್ದರೆ ಸಭೆ. ನಮ್ಮಲ್ಲಿ ಬಹುಪಾಲು ಜಗಳ ಕೆಡುವುದು ಈ ಕ್ರಮ ತಲೆಕೆಳಗಾಗುವುದರಿಂದ. ಮೊದಲು ಅಕ್ಕನಿಗೆ ಫೋನು, ಆಮೇಲೆ ಕುಟುಂಬದ ವಾಟ್ಸ್‌ಆ್ಯಪ್ ಗುಂಪು, ಆಮೇಲೆ ಭಾನುವಾರ ಆರಾಧನೆ ಮುಗಿದ ಮೇಲೆ ಅಂಗಳದಲ್ಲಿ ನಾಲ್ಕು ಜನರ ಕಿವಿಗೆ. ಸಂಬಂಧಪಟ್ಟ ವ್ಯಕ್ತಿಗೆ ವಿಷಯ ತಿಳಿಯುವುದು ಕೊನೆಗೆ, ಅದೂ ಬೇರೆಯವರ ಬಾಯಿಂದ. ಅಷ್ಟರಲ್ಲಿ ಅವರಿಗೆ ಮಾನ ಉಳಿಸಿಕೊಳ್ಳುವುದು ಬಿಟ್ಟು ಬೇರೆ ದಾರಿ ಇರುವುದಿಲ್ಲ. ಮನಸ್ಸು ಹಗುರ ಮಾಡಿಕೊಳ್ಳಲು ಯಾರಿಗಾದರೂ ಹೇಳಲೇಬೇಕೆಂದಿದ್ದರೆ ಒಬ್ಬರಿಗೆ ಹೇಳಿ, ಗುಟ್ಟು ಉಳಿಸುವ ಒಬ್ಬರಿಗೆ. ಪ್ರತಿ ಸಲ ಹೇಳಿದಾಗಲೂ ಕತೆ ಸ್ವಲ್ಪ ಬೆಳೆಯುತ್ತದೆ, ಗಾಯ ಸ್ವಲ್ಪ ಆಳವಾಗುತ್ತದೆ.

ಇಬ್ಬರೇ ಮಾತಾಡಲು ಮನೆಯ ಹಜಾರ ಒಳ್ಳೆಯ ಜಾಗವಲ್ಲ. ಅಲ್ಲಿ ಕಿವಿಗಳು ಹೆಚ್ಚು, ಟಿವಿ ಬೇರೆ. ಮುಖಕ್ಕೆ ಮುಖ ಕೊಟ್ಟು ಕೂರುವುದಕ್ಕಿಂತ ಪಕ್ಕಪಕ್ಕ ನಡೆಯುತ್ತಾ ಮಾತಾಡುವುದು ಎಷ್ಟೋ ಜನರಿಗೆ ಸುಲಭ. ಬೆಳಗಿನ ಹೊತ್ತು ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ಅರ್ಧ ಗಂಟೆ ಸಾಕು. ಒಂದೇ ಘಟನೆ, ಒಂದೇ ಕೋರಿಕೆ. ‘ಅತ್ತೆ, ಮೊನ್ನೆ ನೆಂಟರು ಬಂದಾಗ ನಮ್ಮ ಅಪ್ಪಾಜಿ ವಿಷಯ ಎತ್ತಿದ್ರಲ್ಲ, ನನಗೆ ತುಂಬ ನೋವಾಯ್ತು. ಏನೇ ಇದ್ರೂ ನನ್ನೊಬ್ಬಳ ಹತ್ರ ಹೇಳಿ.’ ‘ಅಣ್ಣ, ನೀನು ಯುಗಾದಿಗೆ ತಗೊಂಡ ದುಡ್ಡು ದಸರಾಗೆ ಕೊಡ್ತೀನಿ ಅಂದಿದ್ದೆ. ಒಟ್ಟಿಗೆ ಆಗದಿದ್ರೆ ತಿಂಗಳಿಗೆ ಎಷ್ಟು ಆಗುತ್ತೆ ಹೇಳು.’ ಇಷ್ಟೇ. ‘ನೀವು ಯಾವಾಗಲೂ ಹೀಗೇ’ ಎಂದರೆ ಎದುರಿನವರು ಹಾಗಲ್ಲದ ಒಂದು ದಿನವನ್ನು ಹುಡುಕಿ ತೋರಿಸುತ್ತಾರೆ, ಮಾತು ಅಲ್ಲಿಗೆ ದಾರಿ ತಪ್ಪುತ್ತದೆ. ‘ನಿಮ್ಮ ಒಳ್ಳೇದಕ್ಕೇ ಹೇಳ್ತಿರೋದು’ ಎಂದು ಶುರುಮಾಡಬೇಡಿ. ಬೈಬಲ್ ವಚನವನ್ನಂತೂ ಎದುರಿನವರ ಮೇಲೆ ಪ್ರಯೋಗಿಸಲೇಬೇಡಿ. ನೀವು ಓದಿದ ವಚನ ನಿಮಗೆ ಹೇಳಿದ್ದು. ಅವರಿಗೆ ಬೇಕಾದಾಗ ಅವರೇ ತೆರೆದುಕೊಳ್ಳುತ್ತಾರೆ.

ಸಾಕ್ಷಿಗಳ ಆಯ್ಕೆಯಲ್ಲೂ ತಪ್ಪಾಗುತ್ತದೆ. ನಮ್ಮ ಕಡೆಯ ಇಬ್ಬರನ್ನು ಕರೆದುಕೊಂಡು ಹೋದರೆ ಅದು ದಂಡೆತ್ತಿ ಹೋದಂತೆ. ಸಾಕ್ಷಿಗಳು ಎರಡೂ ಕಡೆಯವರು ಒಪ್ಪುವವರಾಗಿರಬೇಕು, ಯಾರ ಹಂಗಿನಲ್ಲೂ ಇರಬಾರದು, ನಿಮ್ಮದೇ ತಪ್ಪು ಎಂದು ಹೇಳುವ ಧೈರ್ಯ ಅವರಿಗಿರಬೇಕು. ಅಳೆದು ನೋಡಬಹುದಾದ ವಿಷಯವಾಗಿದ್ದರೆ ಅಳೆದುಬಿಡುವುದೇ ಒಳ್ಳೆಯದು. ಮಂಡ್ಯ, ಪಾಂಡವಪುರದ ಕಡೆ ಗದ್ದೆಯ ಬದುವಿನ ಜಗಳಗಳು ಎರಡು ಮೂರು ತಲೆಮಾರು ನಡೆದದ್ದುಂಟು. ಹದ್ದುಬಸ್ತಿಗೆ ಅರ್ಜಿ ಹಾಕಿದರೆ ಸರ್ಕಾರಿ ಭೂಮಾಪಕರು ಅಕ್ಕಪಕ್ಕದ ಹಿಡುವಳಿದಾರರಿಗೂ ನೋಟಿಸು ಕೊಟ್ಟು ಎಲ್ಲೆ ಗುರುತಿಸುತ್ತಾರೆ. ಅಳತೆ ಕೇಳುವುದು ವೈರವಲ್ಲ. ಸತ್ಯ ಏನೆಂದು ತಿಳಿದ ಮೇಲೆ, ಎರಡು ಅಡಿ ನನ್ನದೇ ಆದರೂ ನಿನಗೆ ಬಿಟ್ಟೆ ಎನ್ನುವ ಮಾತಿಗೆ ತೂಕ ಬರುತ್ತದೆ. ಎಷ್ಟು ಬಿಡುತ್ತಿದ್ದೇವೆಂದು ಗೊತ್ತಿಲ್ಲದೆ ಬಿಟ್ಟದ್ದು ಮನಸ್ಸಿನಲ್ಲಿ ಕೊಳೆಯುತ್ತದೆ.

ತಪ್ಪು ನಮ್ಮದಾದರೆ ‘ಕ್ಷಮಿಸಿ, ಆದರೆ...’ ಎನ್ನಬಾರದು. ಆ ‘ಆದರೆ’ ಎದುರಿನವರ ಕಿವಿಯಲ್ಲಿ ಉಳಿಯುತ್ತದೆ, ಕ್ಷಮೆ ಉಳಿಯುವುದಿಲ್ಲ. ಕಿತ್ತುಕೊಂಡದ್ದನ್ನು ಹಿಂದಿರುಗಿಸುವಾಗ ಅದಕ್ಕೆ ಐದನೆಯ ಒಂದು ಭಾಗ ಸೇರಿಸಿ ಕೊಡಬೇಕೆಂದು ಯಾಜಕಕಾಂಡ 6 ಹೇಳುತ್ತದೆ, ಅಂದರೆ 10,000 ರೂಪಾಯಿಗೆ 12,000. ಸುಂಕ ವಸೂಲಿಗಾರ ಜಕ್ಕಾಯ, ಅನ್ಯಾಯವಾಗಿ ತೆಗೆದುಕೊಂಡದ್ದಕ್ಕೆ ನಾಲ್ಕರಷ್ಟು ಕೊಡುತ್ತೇನೆಂದ. ಹಣದ ತಪ್ಪನ್ನು ಬರೀ ಮಾತಿನಲ್ಲಿ ತೀರಿಸುವ ಪದ್ಧತಿ ಬೈಬಲ್‌ನಲ್ಲಿ ಇಲ್ಲ.

ಈಗ ಮುಖ್ಯ ಪ್ರಶ್ನೆಗೆ ಬರೋಣ. ಕ್ಷಮಿಸಿದ ಮೇಲೆ ಮತ್ತೆ ಮೊದಲಿನಂತೆ ನಂಬಬೇಕೇ? ಸಾಲ ಬಿಟ್ಟವರು ಅದೇ ಮನುಷ್ಯನಿಗೆ ಬ್ಯಾಂಕಿನಲ್ಲಿ ಜಾಮೀನೂ ಹಾಕಬೇಕೇ? ಬೇಡ ಎಂದೇ ನಮ್ಮ ಉತ್ತರ. ಅರಸ ಸೌಲನು ದಾವೀದನನ್ನು ಕೊಲ್ಲಲು ಬೆನ್ನಟ್ಟಿದ್ದಾಗ ದಾವೀದನ ಕೈಗೆ ಎರಡು ಸಲ ಸಿಕ್ಕಿದ, ಎರಡು ಸಲವೂ ದಾವೀದ ಜೀವ ಉಳಿಸಿದ. ಎರಡನೆಯ ಸಲ ಸೌಲ ತನ್ನ ತಪ್ಪು ಒಪ್ಪಿಕೊಂಡು, ‘ಮಗನೇ, ಹಿಂದಿರುಗಿ ಬಾ’ ಎಂದ. ದಾವೀದ ತಾನು ಎತ್ತಿಕೊಂಡು ತಂದಿದ್ದ ಸೌಲನ ಈಟಿಯನ್ನು ಆಳನ್ನು ಕಳಿಸಿ ತೆಗೆದುಕೊಂಡು ಹೋಗಲು ಹೇಳಿದ, ತಾನು ಅರಮನೆಗೆ ಹೋಗಲಿಲ್ಲ. ಮೊದಲನೆಯ ಸಮುವೇಲದ 26ನೇ ಅಧ್ಯಾಯವನ್ನು ಕ್ಷಮೆಯ ಪಾಠವಾಗಿ ಓದುವವರು ಈ ಕೊನೆಯ ಸಾಲನ್ನೂ ಓದಬೇಕು. ಯೋಸೇಫನೂ ಅಷ್ಟೆ. ತನ್ನನ್ನು ಇಪ್ಪತ್ತು ಬೆಳ್ಳಿಗೆ ಮಾರಿದ ಅಣ್ಣಂದಿರು ಐಗುಪ್ತಕ್ಕೆ (ಈಜಿಪ್ಟಿಗೆ) ಧಾನ್ಯಕ್ಕೆಂದು ಬಂದಾಗ ಮೊದಲ ಸಲವೇ ಅವರಿಗೆ ಧಾನ್ಯ ಕೊಟ್ಟ, ದುಡ್ಡನ್ನೂ ಚೀಲದಲ್ಲೇ ಹಿಂದಿರುಗಿಸಿದ. ಆದರೆ ತಾನು ಯಾರೆಂದು ಹೇಳಲಿಲ್ಲ. ಅವನನ್ನು ಮಾರೋಣವೆಂದು ಹಿಂದೆ ಸಲಹೆ ಕೊಟ್ಟಿದ್ದ ಅದೇ ಯೂದ, ಕಿರಿಯವನಾದ ಬೆನ್ಯಾಮೀನನ ಬದಲು ನಾನು ಗುಲಾಮನಾಗಿ ಉಳಿಯುತ್ತೇನೆ ಎಂದು ಮುಂದೆ ಬಂದ ಮೇಲೆಯೇ ಯೋಸೇಫನ ಗುಟ್ಟು ಒಡೆದದ್ದು. ಅನ್ನ ಮೊದಲು ಕೊಟ್ಟ, ವಿಶ್ವಾಸವನ್ನು ಪರೀಕ್ಷಿಸಿ ಕೊಟ್ಟ.

ಇದನ್ನು ದಿನಬಳಕೆಗೆ ತಂದರೆ ಹೀಗೆ. ದುಡ್ಡು ಮುಳುಗಿಸಿದ ತಮ್ಮನ ಮೇಲಿನ ಕೋಪ ಬಿಡಿ, ಅವನ ಮನೆಗೆ ಹೋಗಿ ಬನ್ನಿ, ಮಕ್ಕಳ ಶಾಲೆಯ ಫೀಸು ಕಟ್ಟಬೇಕೆನಿಸಿದರೆ ಶಾಲೆಯಲ್ಲೇ ಕಟ್ಟಿ ರಸೀದಿ ತನ್ನಿ. ಅವನ ಕೈಗೆ ನಗದು ಕೊಡಬೇಡಿ, ಸಾಲಕ್ಕೆ ಜಾಮೀನು ನಿಲ್ಲಬೇಡಿ. ಜಾಮೀನು ನಿಂತವನ ಹಾಸಿಗೆಯೂ ಹೋದೀತೆಂದು ಜ್ಞಾನೋಕ್ತಿಗಳು 22ನೇ ಅಧ್ಯಾಯದಲ್ಲಿ ಎಚ್ಚರಿಸುತ್ತದೆ. ಕುಡಿತಕ್ಕೆ ಬಿದ್ದ ಗಂಡನಿಗೆ ಊಟ ಬಡಿಸಿ, ಆಸ್ಪತ್ರೆಗೆ ಜೊತೆಯಲ್ಲಿ ಹೋಗಿ. ಆದರೆ ಕೆಲಸದ ಜಾಗಕ್ಕೆ ಫೋನು ಮಾಡಿ ‘ಜ್ವರ ಬಂದಿದೆ’ ಎಂದು ಅವನ ಪರವಾಗಿ ಸುಳ್ಳು ಹೇಳಬೇಡಿ, ಅವನು ಮಾಡಿದ ಸಾಲ ತೀರಿಸಬೇಡಿ. ಪ್ರೀತಿ ಸತ್ಯದಲ್ಲಿ ಸಂತೋಷಪಡುತ್ತದೆ.

ಕುಡಿತದ ಮಾತು ಬಂದಿದ್ದರಿಂದ ಒಂದು ಎಚ್ಚರಿಕೆ. ಪ್ರಾರ್ಥನಾ ಕೂಟದಲ್ಲಿ ಆಣೆ ಮಾಡಿಸಿ ಅಂದಿನಿಂದಲೇ ಪೂರ್ತಿ ನಿಲ್ಲಿಸುವ ರೂಢಿ ಕೆಲವೆಡೆ ಇದೆ. ವರ್ಷಗಟ್ಟಲೆ ದಿನವೂ ಹೆಚ್ಚು ಕುಡಿದವರು ದಿಢೀರನೆ ನಿಲ್ಲಿಸಿದರೆ ಮೊದಲ ಎರಡು ಮೂರು ದಿನಗಳಲ್ಲಿ ಕೈ ನಡುಕ, ಬೆವರು, ಫಿಟ್ಸ್, ಇಲ್ಲದ್ದು ಕಾಣುವುದು, ಗೊಂದಲ ಉಂಟಾಗಿ ಪ್ರಾಣಕ್ಕೇ ಅಪಾಯವಾಗಬಹುದು. ಆಣೆಗಿಂತ ಮುಂಚೆ ವೈದ್ಯರು. ಮನಸ್ಸಿನ ತೊಂದರೆಗೆ, ವ್ಯಸನಕ್ಕೆ ಟೆಲಿ ಮಾನಸ್ ಸಹಾಯವಾಣಿ 14416 ಉಚಿತವಾಗಿ ಸಿಗುತ್ತದೆ.

ಹಾಗೆಯೇ ‘ವಯಸ್ಸಾದ ಮೇಲೆ ಅವರ ಸ್ವಭಾವವೇ ಕೆಟ್ಟುಹೋಯಿತು’ ಎನ್ನುವ ಮನೆಗಳಲ್ಲಿ ಮೊದಲು ನೋಡಬೇಕಾದದ್ದು ಸ್ವಭಾವವನ್ನಲ್ಲ. ಕಿವಿ ಮಂದವಾದವರಿಗೆ ಮನೆಯವರ ಮಾತು ಅರ್ಧ ಕೇಳುತ್ತದೆ, ಉಳಿದರ್ಧವನ್ನು ಅನುಮಾನ ತುಂಬುತ್ತದೆ. ನನ್ನ ಬಗ್ಗೆಯೇ ಪಿಸುಗುಡುತ್ತಿದ್ದಾರೆ ಎಂದು ಅವರಿಗೆ ಅನಿಸುತ್ತದೆ. ಶ್ರವಣ ಪರೀಕ್ಷೆಗೆ ದೇಶದ ದೊಡ್ಡ ಸಂಸ್ಥೆಯೇ ನಮ್ಮ ಮಾನಸಗಂಗೋತ್ರಿಯಲ್ಲಿದೆ, ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ. ನಾಲ್ಕೈದು ದಿನಗಳಲ್ಲಿ ಇದ್ದಕ್ಕಿದ್ದಂತೆ ಮಾತು, ನಡತೆ ಬದಲಾದರೆ ಮೂತ್ರದ ಸೋಂಕು, ಸಕ್ಕರೆಯ ಏರುಪೇರು, ಸಣ್ಣ ಪಾರ್ಶ್ವವಾಯು ಕಾರಣವಿರಬಹುದು. ತಿಂಗಳುಗಟ್ಟಲೆ ನಿಧಾನವಾಗಿ ಬದಲಾದರೆ ಮರೆವಿನ ಕಾಯಿಲೆ ಇರಬಹುದು, ಆಗ ‘ಸೊಸೆ ಬಳೆ ಕದ್ದಳು’ ಎಂಬ ಆರೋಪ ದ್ವೇಷದಿಂದ ಬಂದದ್ದಲ್ಲ, ಬಳೆ ಇಟ್ಟ ಜಾಗ ಮರೆತುಹೋಗಿ ಬಂದದ್ದು. ಅಂಥವರೊಂದಿಗೆ ಮತ್ತಾಯ 18ರ ಕ್ರಮ ನಡೆಯುವುದಿಲ್ಲ, ವಾದ ಮಾಡಿ ಗೆಲ್ಲಲಾಗುವುದಿಲ್ಲ. ‘ಬನ್ನಿ ಅಮ್ಮ, ಇಬ್ಬರೂ ಹುಡುಕೋಣ’ ಎನ್ನುವುದೇ ಸರಿ. ಬಲಹೀನರಿಗೆ ಆಧಾರವಾಗಿರಿ, ಎಲ್ಲರೊಂದಿಗೂ ತಾಳ್ಮೆಯಿಂದಿರಿ ಎಂದು ಥೆಸಲೋನಿಕದವರಿಗೆ ಬರೆದದ್ದು ಇಂಥ ಮನೆಗಳಿಗೇ. ನೋಡಿಕೊಳ್ಳುವವರಿಗೂ ವಾರಕ್ಕೆ ಅರ್ಧ ದಿನವಾದರೂ ಬಿಡುವು ಬೇಕು. ಸಭೆಯವರು ಸರದಿಯ ಮೇಲೆ ಬಂದು ಕೂತರೆ ಅದು ಹತ್ತು ಪ್ರಸಂಗಗಳಿಗೆ ಸಮ.

ಇನ್ನು ಹೊಡೆತ, ಲೈಂಗಿಕ ದೌರ್ಜನ್ಯ, ಜೀವ ಬೆದರಿಕೆ. ಇಲ್ಲಿ ‘ಇಬ್ಬರೇ ಕೂತು ಮಾತಾಡಿ’ ಎಂಬ ಸಲಹೆ ಕೊಡುವವರು ಅಪಾಯಕ್ಕೆ ದೂಡುತ್ತಿದ್ದಾರೆ. ಒಂದು ಊರಿನಲ್ಲಿ ಹಿಂಸಿಸಿದರೆ ಇನ್ನೊಂದಕ್ಕೆ ಓಡಿಹೋಗಿ ಎಂದು ಯೇಸುಸ್ವಾಮಿಯೇ ಶಿಷ್ಯರಿಗೆ ಹೇಳಿದ್ದಾರೆ. ವಿಚಾರಣೆಯಲ್ಲಿ ಕಾವಲಾಳು ಕೆನ್ನೆಗೆ ಹೊಡೆದಾಗ, ‘ನಾನು ಹೇಳಿದ್ದು ಸರಿಯಾಗಿದ್ದರೆ ನನ್ನನ್ನು ಏಕೆ ಹೊಡೆದೆ?’ ಎಂದು ಅವರು ಕೇಳಿದರು. ಪೌಲನು ತನ್ನನ್ನು ಚಾವಟಿಯಿಂದ ಹೊಡೆಯಲು ಕಟ್ಟಿದಾಗ ರೋಮಿನ ಪೌರತ್ವದ ಹಕ್ಕನ್ನು ಎತ್ತಿ ಹಿಡಿದ, ಕೊನೆಗೆ ರೋಮಿನ ಚಕ್ರವರ್ತಿ ಕೈಸರನಿಗೇ ಮೇಲ್ಮನವಿ ಹೋದ. ವಿಶ್ವಾಸಿಗಳು ಒಬ್ಬರ ಮೇಲೊಬ್ಬರು ವ್ಯಾಜ್ಯ ಹೂಡಬಾರದು ಎಂಬ ಕೊರಿಂಥದ ಸಭೆಗೆ ಬರೆದ ಮಾತನ್ನು ಪೆಟ್ಟು ತಿಂದ ಹೆಂಗಸಿನ ಬಾಯಿ ಮುಚ್ಚಿಸಲು ಬಳಸುವುದು ಆ ವಾಕ್ಯಕ್ಕೆ ಮಾಡುವ ಅನ್ಯಾಯ. ಅಲ್ಲಿದ್ದದ್ದು ವ್ಯವಹಾರದ ಜಗಳಗಳು.

ತುರ್ತಿಗೆ 112, ಮಹಿಳಾ ಸಹಾಯವಾಣಿ 181, ಮಕ್ಕಳಿಗೆ 1098, ಹಿರಿಯರಿಗೆ 14567. ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ 2005ರ ಪ್ರಕಾರ ಸಂರಕ್ಷಣಾಧಿಕಾರಿಯ ಮೂಲಕ ರಕ್ಷಣೆಯ ಆದೇಶ, ಅದೇ ಮನೆಯಲ್ಲಿ ವಾಸಿಸುವ ಆದೇಶ ಕೇಳಬಹುದು. ಮಹಿಳೆಯರಿಗೆ, ಮಕ್ಕಳಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ ಆದಾಯ ಎಷ್ಟೇ ಇದ್ದರೂ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ವಕೀಲರು ಸಿಗುತ್ತಾರೆ, ಅದರ ಸಂಖ್ಯೆ 15100. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯವಾಗಿದೆ ಎಂದು ಗೊತ್ತಾದ ಯಾರೇ ಆಗಲಿ ಪೊಲೀಸರಿಗೆ ತಿಳಿಸಲೇಬೇಕೆಂದು 2012ರ ಪೋಕ್ಸೊ ಕಾಯ್ದೆಯ 19ನೇ ಕಲಂ ಹೇಳುತ್ತದೆ, ತಿಳಿಸದಿದ್ದರೆ 21ನೇ ಕಲಮಿನ ಅಡಿ ಶಿಕ್ಷೆಯಿದೆ. ‘ಸಭೆಯ ಮರ್ಯಾದೆ’, ‘ಕುಟುಂಬದ ಮಾನ’ ಎಂದು ಕೂತು ರಾಜಿ ಮಾಡಿಸಲು ಯಾವ ಸಭಾಪಾಲಕರಿಗೂ, ಯಾವ ಧರ್ಮಗುರುವಿಗೂ, ಯಾವ ಸಮಿತಿಗೂ ಅಧಿಕಾರವಿಲ್ಲ. ಪೊಲೀಸರಿಗೆ ದೂರು ಕೊಟ್ಟವರು ಕೃಪೆಯಿಲ್ಲದವರಲ್ಲ. ಸೇಡು ಬಿಟ್ಟ ಮನಸ್ಸಿನಿಂದಲೂ ದೂರು ಕೊಡಬಹುದು, ಮುಂದಿನ ಪೆಟ್ಟು ಬೀಳದಂತೆ ತಡೆಯುವುದು ಹೊಡೆಯುವವನಿಗೂ ಮಾಡುವ ಉಪಕಾರ.

ಇನ್ನೊಂದು ಮಾತನ್ನು ಹೇಳಲೇಬೇಕು. ನಮ್ಮಲ್ಲಿ ಕ್ಷಮೆಯ ಉಪದೇಶ ಹೆಚ್ಚಾಗಿ ಕೆಳಗಿರುವವರಿಗೇ ಸಿಗುತ್ತದೆ: ಸೊಸೆಗೆ, ಕಿರಿಯವನಿಗೆ, ಆಳಿಗೆ, ಸಭೆಯಲ್ಲಿ ಜಾತಿಯ ಕಾರಣಕ್ಕೆ ಹಿಂದಿನ ಸಾಲಿಗೆ ತಳ್ಳಿಸಿಕೊಂಡವರಿಗೆ. ಪೌಲನು ಫಿಲೆಮೋನನಿಗೆ ಬರೆದ ಪತ್ರ ಕೇವಲ 25 ವಚನಗಳದ್ದು, ಐದು ನಿಮಿಷದಲ್ಲಿ ಓದಿ ಮುಗಿಸಬಹುದು. ಓಡಿಹೋಗಿದ್ದ ಗುಲಾಮ ಒನೇಸಿಮನನ್ನು ಹಿಂದಕ್ಕೆ ಕಳಿಸುವಾಗ ಪೌಲನು ಪತ್ರ ಬರೆದದ್ದು ಯಜಮಾನನಿಗೆ. ಅವನನ್ನು ಇನ್ನು ಗುಲಾಮನಂತಲ್ಲ, ಪ್ರಿಯ ಸಹೋದರನಂತೆ ಸೇರಿಸಿಕೊ ಎಂದು ಕೃಪೆಯ ಭಾರವನ್ನು ಬಲವುಳ್ಳವನ ಹೆಗಲಿಗೆ ಹಾಕಿದ. ಅವನು ನಿನಗೇನಾದರೂ ಕೊಡಬೇಕಿದ್ದರೆ ನನ್ನ ಲೆಕ್ಕಕ್ಕೆ ಹಾಕು ಎಂದು ನಷ್ಟವನ್ನು ತನ್ನ ಮೇಲೆ ಎಳೆದುಕೊಂಡ. ಮಧ್ಯಸ್ಥಿಕೆಗೆ ಹೋಗುವ ಹಿರಿಯರು ಹೊರಡುವ ಮುನ್ನ ಈ ಪತ್ರವನ್ನು ಒಮ್ಮೆ ಓದಿಕೊಂಡು ಹೋಗಲಿ.

ಕ್ಷಮಿಸಿದ ಮೇಲೂ ನೆನಪು ಮರುಕಳಿಸುತ್ತದೆ. ಮದುವೆ ಮನೆಯಲ್ಲಿ ಅದೇ ಮುಖ ಕಂಡಾಗ ಹೊಟ್ಟೆಯಲ್ಲಿ ಬೆಂಕಿ ಬಿದ್ದಂತಾಗುತ್ತದೆ, ‘ಹಾಗಾದರೆ ನಾನು ಕ್ಷಮಿಸಿಯೇ ಇಲ್ಲವೇನೋ’ ಎಂದು ಒಳ್ಳೆಯವರು ಕುಗ್ಗುತ್ತಾರೆ. ಏಳೆಪ್ಪತ್ತು ಸಲ ಎಂಬ ಮಾತು ಹೊಸ ಹೊಸ ತಪ್ಪುಗಳಿಗೆ ಮಾತ್ರ ಹೇಳಿದ್ದಲ್ಲ ಎಂದು ನಾವು ತಿಳಿದಿದ್ದೇವೆ. ಒಂದೇ ತಪ್ಪನ್ನು, ಅದು ನೆನಪಾದಾಗಲೆಲ್ಲ, ಮತ್ತೆ ಬಿಡಬೇಕಾಗುತ್ತದೆ. ‘ಕರ್ತನೇ, ಈ ಲೆಕ್ಕ ನಿನ್ನ ಕೈಗೆ ಕೊಟ್ಟಿದ್ದೇನೆ, ಇವತ್ತೂ ಕೊಡುತ್ತೇನೆ’ ಎಂದು ಹೇಳಿ ಮುಂದಿನ ಕೆಲಸಕ್ಕೆ ಹೋಗುವುದು. ಬರಬರುತ್ತಾ ನೆನಪುಗಳ ನಡುವಿನ ಅಂತರ ಹೆಚ್ಚುತ್ತದೆ. ಪೌಲನೂ ಅವನ ಜೊತೆಸೇವಕ ಬಾರ್ನಬನೂ, ಪ್ರಯಾಣದ ನಡುವೆ ತಮ್ಮನ್ನು ಬಿಟ್ಟುಹೋಗಿದ್ದ ಮಾರ್ಕನ ವಿಷಯದಲ್ಲಿ ಕಟುವಾಗಿ ಜಗಳವಾಡಿ ಬೇರೆಯಾದರು. ವರ್ಷಗಳ ನಂತರ ಸೆರೆಯಿಂದ ಬರೆದ ಪತ್ರದಲ್ಲಿ ಪೌಲ, ಮಾರ್ಕನನ್ನು ಕರೆದುಕೊಂಡು ಬಾ, ಅವನು ನನಗೆ ಉಪಯುಕ್ತನು ಎಂದ. ನಡುವಿನ ವರ್ಷಗಳಿಗೆ ಅವಸರ ಮಾಡುವಂತಿಲ್ಲ.

ಮೈಸೂರು, ಮಂಡ್ಯದ ಎಲ್ಲ ಸಭೆಗಳ, ಧರ್ಮಕೇಂದ್ರಗಳ ಹಿರಿಯರಲ್ಲಿ ನಮ್ಮದೊಂದು ವಿನಂತಿ. ಕಾಣಿಕೆಯನ್ನು ವೇದಿಯ ಮುಂದೆಯೇ ಬಿಟ್ಟು ಮೊದಲು ಸಹೋದರನೊಂದಿಗೆ ಒಂದಾಗು ಎಂಬ ಮಾತಿದೆಯಲ್ಲ, ಅದಕ್ಕಾಗಿ ಕರ್ತನ ಭೋಜನದ (ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ಆರಾಧನೆಯ) ಭಾನುವಾರಕ್ಕೆ ಒಂದು ವಾರ ಮುಂಚೆಯೇ ಅದನ್ನು ಪ್ರಕಟಣೆಯಲ್ಲಿ ತಿಳಿಸಿ. ಆರಾಧನೆಯ ನಡುವೆ ಸಮಾಧಾನದ ಕೈ ಕೊಡುವ ಕ್ಷಣದಲ್ಲಿ ನೆನಪಾದರೆ ಹೊರಟು ಹೋಗಿ ಮಾತಾಡಲು ಹೊತ್ತಿರುವುದಿಲ್ಲ. ಎರಡೂ ಕಡೆಯ ಮಾತು ಕೇಳಬಲ್ಲ, ಗುಟ್ಟು ಉಳಿಸಬಲ್ಲ ಇಬ್ಬರು ಹೆಂಗಸರು, ಇಬ್ಬರು ಗಂಡಸರನ್ನು ಗುರುತಿಸಿ, ಅವರ ಹೆಸರು ಎಲ್ಲರಿಗೂ ಗೊತ್ತಿರಲಿ. ಮೇಲೆ ಹೇಳಿದ ಸಹಾಯವಾಣಿ ಸಂಖ್ಯೆಗಳನ್ನು ದೊಡ್ಡ ಅಕ್ಷರದಲ್ಲಿ ಬರೆದು ಸೂಚನಾ ಫಲಕದಲ್ಲಿ, ಹೆಂಗಸರ ಶೌಚಾಲಯದ ಬಾಗಿಲಿನ ಒಳಬದಿಯಲ್ಲಿ ಅಂಟಿಸಿ. ಯಾರ ಕಣ್ಣಿಗೂ ಬೀಳದೆ ಅದನ್ನು ಬರೆದುಕೊಳ್ಳಬೇಕಾದವರು ಸಭೆಯಲ್ಲಿ ಒಬ್ಬರಾದರೂ ಇರುತ್ತಾರೆ.

ಇಂತಿ,
ಕುಟುಂಬ ಸಮಾಲೋಚನೆಯ ಸಭಾ ಸೇವಕರು,
ಮಂಡಿ ಮೊಹಲ್ಲಾ, ಮೈಸೂರು